ಹಲಗಿ, ಬಂಡಿ, ಪಾಳಿ: ಬಾಗಲಕೋಟೆಯ ಹೋಳಿ

ಶಿವರಾತ್ರಿ ಅಮಾವಾಸ್ಯೆ ದಾಟಿತೆಂದರೆ ಬಾಗಲಕೋಟೆಯ ಹಳೆ ಊರಿಗೆ ಸಂಜೆ ಏಳರ ಮೇಲೆ ಫೋನ್ ಮಾಡಿ ಪ್ರಯೋಜನವಿಲ್ಲ. ಆ ಕಡೆಯವರ ಮಾತೆಲ್ಲ ಹಲಗಿಯ ಸಪ್ಪಳದಲ್ಲಿ ಮುಚ್ಚಿಹೋಗಿರುತ್ತದೆ. ಕಿಲ್ಲಾದಲ್ಲಿ ಒಂದು ಗುಂಪು ಬಾರಿಸಲು ನಿಂತರೆ ಹಳಪೇಟದವರು ಅಲ್ಲಿಂದಲೇ ಉತ್ತರ ಕೊಡುತ್ತಾರೆ. ಊಟ ಮುಗಿಸಿ ಬಂದ ಹೊಸಪೇಟದ ಹುಡುಗರು ಅದಕ್ಕೆ ತಮ್ಮದೊಂದು ಪೆಟ್ಟು ಸೇರಿಸುತ್ತಾರೆ. ಹೋಳಿ ಹುಣ್ಣಿಮೆಗೆ ಇನ್ನೂ ಹದಿನೈದು ದಿನ ಇರುವಾಗಲೇ ಊರಿಗೆ ಹಬ್ಬ ಹತ್ತಿರುತ್ತದೆ.

ನಾನು ಹುಟ್ಟಿದ್ದು ಹುನಗುಂದ ತಾಲ್ಲೂಕಿನ ರಾಮಥಾಳದಲ್ಲಿ. ಕೊಟ್ಟದ್ದು ಬಾಗಲಕೋಟೆಯ ವೆಂಕಟಪೇಟಕ್ಕೆ. ಮಾವನವರದು ಅರಿವೆ ಅಂಗಡಿ. ಇಳಕಲ್ ಸೀರೆ, ಗುಳೇದಗುಡ್ಡದ ಖಣ ಮಾರುವ ಮನೆ. ಪ್ರಾಥಮಿಕ ಶಾಲೆಯಲ್ಲಿ ಕಲಿಸಿ ನಿವೃತ್ತಳಾದ ನಾನು ಈಗ ಇರುವುದು ಊರಿನ ಹೊಸ ಭಾಗವಾದ ನವನಗರದಲ್ಲಿ. ಹೋಳಿಯ ಕಾಲಕ್ಕೆ ಮಾತ್ರ ಮನಸ್ಸು ಅಲ್ಲಿರುವುದಿಲ್ಲ. ನಮ್ಮ ಜಿಲ್ಲೆಗೆ ಹೊರಗಿನವರು ಬರುವುದು ಬಾದಾಮಿ, ಐಹೊಳೆ, ಪಟ್ಟದಕಲ್ಲು ನೋಡಲು. ಕಲ್ಲಿನಲ್ಲಿ ಕಡೆದದ್ದನ್ನು ನೋಡಿ ಹೋಗುತ್ತಾರೆ, ಬಾಗಲಕೋಟೆ ಬರೀ ಬಸ್ ಬದಲಿಸುವ ಊರಾಗಿಬಿಡುತ್ತದೆ. ಆ ಊರಿನ ಜನರೇ ಕೂಡಿ ತಲೆಮಾರುಗಳಿಂದ ಕಟ್ಟಿಕೊಂಡು ಬಂದದ್ದೊಂದಿದೆ. ಅದನ್ನು ಬರೆಯಬೇಕೆಂದು ಬಹಳ ದಿನದಿಂದ ಅನ್ನಿಸುತ್ತಿತ್ತು.

ತವರೂರಿನಲ್ಲಿಯೂ ಹೋಳಿ ಇತ್ತು. ಹುಡುಗರು ಮನೆಮನೆಯ ಕುಳ್ಳು, ಕಟ್ಟಿಗೆ ಕದ್ದು ತಂದು ಒಟ್ಟುವುದು, ಬೈದವರ ಮನೆಯ ಮುರುಕು ಬಾಗಿಲೂ ಬೆಳಗಾಗುವುದರೊಳಗೆ ಕಾಮನ ರಾಶಿ ಸೇರುವುದು, ಹುಣ್ಣಿಮೆ ರಾತ್ರಿ ಬೆಂಕಿ ಹಚ್ಚಿ ಬಾಯಿ ಬಡಿದುಕೊಳ್ಳುವುದು, ಆ ಬೆಂಕಿಯಲ್ಲಿ ಕಡಲೆ ಸುಟ್ಟು ತಿನ್ನುವುದು. ಮರುದಿನ ಮಧ್ಯಾಹ್ನದವರೆಗೆ ಬಣ್ಣ, ಆಮೇಲೆ ಸ್ನಾನ, ಹೋಳಿಗೆ ಊಟ. ಅಲ್ಲಿಗೆ ಹಬ್ಬ ಮುಗಿಯುತ್ತಿತ್ತು. ಮಂಗಳವಾರ ಬಣ್ಣವಾಡಿದವರು ಬುಧವಾರ ಹೊಲದಲ್ಲಿ ಕಡಲೆ ರಾಶಿ ಮಾಡುತ್ತಿದ್ದರು. ಮದುವೆಯಾದ ಮೊದಲ ವರ್ಷ ಬಾಗಲಕೋಟೆಯಲ್ಲಿ ಒಂದು ದಿನ ಬಣ್ಣ ಮುಗಿಯಿತೆಂದು ನಾನು ಅಂಗಳ ತೊಳೆಯಲು ಹೊರಟಾಗ ಅತ್ತಿ ನನ್ನ ಕೈಯಿಂದ ಕೊಡ ಇಸಿದುಕೊಂಡರು. "ಯಾಕ ತೊಳಿತಿ ತಂಗಿ? ಇವತ್ತ ಬ್ಯಾರೇ ಪ್ಯಾಟಿಯವರ ಪಾಳಿ ಮುಗದದ. ನಮ್ಮವರದು ಇನ್ನೂ ಹೊಂಟೇ ಇಲ್ಲ" ಅಂದರು.

ಆ ಪಾಳಿಯೇ ಈ ಹಬ್ಬದ ಜೀವ. ಹೊರಗಿನಿಂದ ಬಂದವರ ಕಣ್ಣಿಗೆ ಬೀಳುವುದು ಬಣ್ಣ ಮತ್ತು ಗದ್ದಲ. ಒಳಗಿನಿಂದ ನೋಡಿದರೆ ಯಾರು ಬೆಂಕಿ ತರಬೇಕು, ಯಾವ ಕಾಮ ಮೊದಲು ಸುಡಬೇಕು, ಯಾವ ದಿನ ಯಾರ ಬಂಡಿ ಹೊರಡಬೇಕು, ಯಾರ ಹಲಗಿ ಯಾರ ಓಣಿಯ ಮುಂದೆ ನಿಂತು ಬಾರಿಸಬೇಕು ಎಂಬುದಕ್ಕೆಲ್ಲ ಕಟ್ಟಳೆ ಇದೆ. ಯಾವ ಕಚೇರಿಯ ಆದೇಶವೂ ಅಲ್ಲ, ಊರಿನ ಹಿರಿಯರು ಕೂತು ಒಪ್ಪಿಕೊಂಡು ಬಂದದ್ದು. ನನ್ನ ಲೆಕ್ಕದಲ್ಲಿ ಈ ಊರಿನ ಅತಿ ದೊಡ್ಡ ಆಸ್ತಿ ಅದು.

ಹಬ್ಬ ಐದು ಪೇಟೆಗಳದು: ಕಿಲ್ಲಾ, ಹಳಪೇಟ, ಹೊಸಪೇಟ, ಜೈನಪೇಟ, ವೆಂಕಟಪೇಟ. ಘಟಪ್ರಭೆಯ ದಂಡೆಯ ಈ ಊರು ವಿಜಯಪುರದ ಆದಿಲಶಾಹಿ, ಸವಣೂರಿನ ನವಾಬರು, ಪೇಶವೆಗಳು, ಹೈದರಾಲಿ ಹೀಗೆ ಹಲವರ ಕೈ ದಾಟಿ 1818ರಲ್ಲಿ ಮನ್ರೋನ ದಂಡಿನ ಮೂಲಕ ಇಂಗ್ಲಿಷರ ವಶವಾಯಿತು. ಕೋಟೆ ಇದ್ದ ಜಾಗ ಕಿಲ್ಲಾ ಆಯಿತು, ಅದರ ಸುತ್ತ ವ್ಯಾಪಾರಸ್ಥರು, ನೇಕಾರರು, ಕುಶಲಕರ್ಮಿಗಳು ನೆಲೆಸಿದ ಕಡೆಯೆಲ್ಲ ಪೇಟೆಗಳಾದವು. ಪೇಟೆಗೊಂದು ಗುಡಿ, ಪೇಟೆಗೊಂದು ಗರಡಿ, ಪೇಟೆಗೊಬ್ಬ ಕಾಮಣ್ಣ. ಇನ್ನೊಂದು ಪೇಟೆಯವರಿಗಿಂತ ನಮ್ಮದು ಒಂದು ಕೈ ಹೆಚ್ಚೇ ಆಗಬೇಕೆಂಬ ಹಟವಂತೂ ಎಲ್ಲರಿಗೂ ಇದೆ. ಆ ಹಟ ಇಲ್ಲದಿದ್ದರೆ ಹಬ್ಬವೂ ಇಷ್ಟು ಬೆಳೆಯುತ್ತಿರಲಿಲ್ಲ. ಐದು ದಿನದ ಹೋಳಿ ಎಂದೇ ಹಿಂದಿನವರು ಹೇಳುತ್ತಿದ್ದರು. ಈಗ ಬಣ್ಣದಾಟಕ್ಕೆ ಮೂರು ದಿನ. ಕೋಲ್ಕತ್ತ ಬಿಟ್ಟರೆ ಇಷ್ಟು ದಿನ, ಇಷ್ಟು ಜೋರಾಗಿ ಹೋಳಿ ಆಡುವುದು ನಮ್ಮಲ್ಲೇ ಎಂಬ ಮಾತು ಬಾಗಲಕೋಟೆಯವರ ಬಾಯಲ್ಲಿ ಸದಾ ಇರುತ್ತದೆ. ಆ ಹೋಲಿಕೆಯನ್ನು ಯಾರು ತೂಗಿ ನೋಡಿದರೋ ಏನೋ, ನನಗೆ ಅದರ ಅಗತ್ಯ ಕಾಣುವುದಿಲ್ಲ. ಬೇರೆ ಊರಿನ ಹೆಸರು ಹೇಳದೆಯೂ ನಿಲ್ಲುವಷ್ಟು ಶಕ್ತಿ ಈ ಹಬ್ಬಕ್ಕಿದೆ.

ಕಥೆ ಎಲ್ಲರಿಗೂ ಗೊತ್ತಿರುವುದೇ. ತಾರಕಾಸುರನನ್ನು ಕೊಲ್ಲಲು ಶಿವನ ಮಗ ಹುಟ್ಟಬೇಕು, ಶಿವ ತಪಸ್ಸಿನಲ್ಲಿದ್ದಾನೆ. ದೇವತೆಗಳ ಮಾತು ಕೇಳಿ ಹೂಬಾಣ ಬಿಟ್ಟ ಕಾಮ ಮೂರನೆಯ ಕಣ್ಣಿಗೆ ಬೂದಿಯಾದ. ಉತ್ತರದ ಕಡೆ ಹೋಳಿಗೆ ಹೋಲಿಕಾ, ಪ್ರಹ್ಲಾದರ ಕಥೆ. ನಮ್ಮ ಕಡೆ ಕಾಮಣ್ಣ, ರತಿ. ಕಾಮನಿಗೆ 'ಅಣ್ಣ' ಎಂದು ಹಚ್ಚಿ ಕರೆಯುವ ನಮ್ಮ ಜನ, ಸುಡುವ ಮುಂಚೆ ಅವನನ್ನು ಸಿಂಗರಿಸಿ, ಪೂಜಿಸಿ, ನೈವೇದ್ಯ ಕೊಟ್ಟು, ಸುಟ್ಟ ಮೇಲೆ ಮನೆಯವನೇ ಸತ್ತಂತೆ ಬಾಯಿ ಬಡಿದುಕೊಳ್ಳುತ್ತಾರೆ.

ಹುಣ್ಣಿಮೆಯಂದು ಮೊದಲ ಹಕ್ಕು ಕಿಲ್ಲಾದ್ದು. ಅಲ್ಲಿಯ ಕಾಮ ಸುಡದೆ ಉಳಿದ ಪೇಟೆಗಳ ಕಾಮ ಸುಡುವಂತಿಲ್ಲ. ಕಿಲ್ಲಾದ ಕಾಮನಿಗೆ ಹಚ್ಚುವ ಬೆಂಕಿ ದಲಿತರ ಮನೆಯಿಂದ ಬರಬೇಕು. ಪೇಟೆಯ ಪ್ರಮುಖರು ಹಲಗಿ ಬಾರಿಸುತ್ತ ಆ ಮನೆಗೆ ಹೋಗಿ, ಮರ್ಯಾದೆ ಸಲ್ಲಿಸಿ, ಬೆಂಕಿ ಕೇಳಿ ತರುತ್ತಾರೆ. ಬೆಂಕಿಪೆಟ್ಟಿಗೆ ಎಲ್ಲರ ಜೇಬಿನಲ್ಲಿದ್ದರೂ ಅದು ನಡೆಯುವುದಿಲ್ಲ. ದಖ್ಖನಿನ ಬೇರೆ ಹಲವು ಊರುಗಳಲ್ಲೂ ಹೋಳಿಯ ಬೆಂಕಿಗೆ ಇದೇ ದಾರಿ ಇತ್ತು, ಎಷ್ಟೋ ಕಡೆ ಬಿಟ್ಟುಹೋಗಿದೆ. ಇಲ್ಲಿ ಉಳಿದಿದೆ. ಶಾಲೆಯಲ್ಲಿ ನಾನು ಮಕ್ಕಳಿಗೆ ಇದನ್ನು ಹೇಳುತ್ತಿದ್ದೆ, ಹೇಳಿದ ಮೇಲೆ ಇನ್ನೊಂದು ಮಾತನ್ನೂ ಸೇರಿಸುತ್ತಿದ್ದೆ: ಯಾರ ಒಲೆಯ ಬೆಂಕಿ ಇಲ್ಲದೆ ಊರಿನ ಹಬ್ಬ ಶುರುವಾಗುವುದಿಲ್ಲವೋ ಅವರ ಮನೆಯ ನೀರು ವರ್ಷದ ಉಳಿದ ದಿನಗಳಲ್ಲೂ ಎಲ್ಲರಿಗೂ ಸಲ್ಲಬೇಕು. ಒಂದು ರಾತ್ರಿಯ ಮರ್ಯಾದೆ ಸಾಲದು. ಹಾಗೆ ಹೇಳಿದ್ದಕ್ಕೆ ಕೆಲವು ಪಾಲಕರು ಮುಖ ಗಂಟು ಹಾಕಿಕೊಂಡದ್ದೂ ಉಂಟು. ಅದು ಹೇಳಬೇಕಾದ ಮಾತು ಎಂದು ಈಗಲೂ ನಂಬಿದ್ದೇನೆ.

ಹಲಗಿಯ ಮಾತೂ ಇದಕ್ಕೆ ಅಂಟಿಕೊಂಡೇ ಇದೆ. ದುಂಡನೆಯ ಕಟ್ಟಿಗೆಯ ಚೌಕಟ್ಟಿಗೆ ಹದ ಮಾಡಿದ ಚರ್ಮ ಎಳೆದು ಬಿಗಿದರೆ ಹಲಗಿ. ಎಡ ಹೆಗಲಿಗೆ ಜೋತು ಹಾಕಿಕೊಂಡು ಬಲಗೈಯಲ್ಲಿ ಗಿಡ್ಡನೆಯ ದಪ್ಪ ಕೋಲು, ಎಡಗೈಯಲ್ಲಿ ತೆಳ್ಳನೆಯ ಉದ್ದ ಕಡ್ಡಿ ಹಿಡಿಯಬೇಕು. ದಪ್ಪ ಕೋಲು ನಡುವೆ ಬಿದ್ದು ಗುಡುಗುತ್ತದೆ, ಕಡ್ಡಿ ಅಂಚಿನಲ್ಲಿ ಚಟಚಟ ಎನ್ನುತ್ತದೆ. ಎರಡರ ನಡುವಿನ ಬಿಡುವಿನಲ್ಲಿ ಗತ್ತು ಇರುವುದು. ರಾತ್ರಿಯ ತಂಪಿಗೆ ಚರ್ಮ ಸಡಿಲಾದರೆ ದನಿ ಬೀಳುತ್ತದೆ. ಆಗ ಓಣಿಯ ಮೂಲೆಯಲ್ಲಿ ಒಣಹುಲ್ಲು, ಕಾಗದ ಕೂಡಿಸಿ ಉರಿ ಮಾಡಿ ಹಲಗಿ ಕಾಯಿಸುತ್ತಾರೆ. ಕಾದ ಹಲಗಿಯ ಮೇಲೆ ಬೆರಳಿನಿಂದ ತಟ್ಟಿ, ಕಿವಿ ಹಚ್ಚಿ ನೋಡುವ ಹಿರಿಯರ ಮುಖದಲ್ಲಿ ಎಂಥ ಗಂಭೀರತೆ ಇರುತ್ತದೆಂದರೆ, ಹತ್ತಿರ ನಿಂತ ಹುಡುಗರು ತಾವಾಗಿಯೇ ಸುಮ್ಮನಾಗುತ್ತಾರೆ.

ನಮ್ಮ ನಾಡಿನಲ್ಲಿ ಹಲಗಿ ಮಾದಿಗ ಸಮುದಾಯದವರು ಕಾಪಾಡಿಕೊಂಡು ಬಂದ ವಾದ್ಯ. ಡಂಗುರಕ್ಕೆ ಅದೇ, ಜಾತ್ರೆಗೆ ಅದೇ, ಸಾವಿನ ಮನೆಗೆ ಅದೇ. ಬಾರಿಸುವವರನ್ನು ದೂರ ನಿಲ್ಲಿಸಿ ಅವರ ಕೈಯ ನಾದವನ್ನು ಮಾತ್ರ ಹತ್ತಿರ ಬಿಟ್ಟುಕೊಂಡ ಸಮಾಜ ನಮ್ಮದು. ಬಾಗಲಕೋಟೆಯ ಹೋಳಿಯಲ್ಲಿ ಆ ಹಲಗಿ ಎಲ್ಲ ಜಾತಿಯ ಹುಡುಗರ ಹೆಗಲೇರುತ್ತದೆ. ಅಂಗಡಿಕಾರರ ಮಗ, ವಕೀಲರ ಮಗ, ನೇಕಾರರ ಮಗ, ಓಣಿಯ ಮುಸ್ಲಿಂ ಹುಡುಗ, ಒಂದೇ ಸಾಲಿನಲ್ಲಿ ನಿಂತು ಒಂದೇ ಪೆಟ್ಟು ಹೊಡೆಯುತ್ತಾರೆ. ತಪ್ಪು ಪೆಟ್ಟು ಹೊಡೆದವನಿಗೆ ಗದರುವುದು ಸಾಲಿನ ಕೊನೆಯಲ್ಲಿ ನಿಂತ ಹಿರಿಯ ಹಲಗಿ ಕಲಾವಿದ. ಆಗ ಎದುರು ಮಾತಾಡುವ ಧೈರ್ಯ ಯಾರಿಗೂ ಇರುವುದಿಲ್ಲ. ನನ್ನ ಮೈದುನ ಹಾಗೆ ಬೈಸಿಕೊಂಡು ಬಂದ ರಾತ್ರಿ ಊಟಕ್ಕೆ ಕೂತಾಗಲೂ ತಾಟಿನ ಅಂಚಿಗೆ ಬೆರಳಿನಿಂದ ಬಾರಿಸುತ್ತಲೇ ಇದ್ದ. "ವೈನಿ, ಕೇಳ್ರಿ, ಈಗ ಬಂತಲ್ಲ?" ಎಂದು ಮತ್ತೆ ಮತ್ತೆ ಕೇಳುತ್ತಿದ್ದ. ನನಗೆ ವ್ಯತ್ಯಾಸ ತಿಳಿಯುತ್ತಿರಲಿಲ್ಲ. ಒಳಗಿನ ಕೋಣೆಯಿಂದ ಮಾವನವರೇ "ಬಂದಿಲ್ಲೋ, ಕಡ್ಡಿ ಹಿಂದ ಬೀಳಾಕತ್ತದ" ಎಂದು ಕೂಗಿದರು. ಅರಿವೆ ಅಳೆಯುವ ಕೈಗೆ ಹಲಗಿಯ ಲೆಕ್ಕವೂ ಗೊತ್ತಿದ್ದದ್ದು ನನಗೆ ತಿಳಿದದ್ದು ಅಂದೇ.

ಈ ಕಲಿಕೆಯೆಲ್ಲ ಹೊರಗೆ ಕಾಣುವುದು ತುರಾಯಿ ಹಲಗಿಯ ರಾತ್ರಿ. ಹಲಗಿಗಳಿಗೆ ಬಣ್ಣದ ತುರಾಯಿ ಕಟ್ಟಿ ಸಿಂಗರಿಸಿ, ನಿಶಾನೆ ಹಿಡಿದು, ಶಹನಾಯಿ ಮುಂದಿಟ್ಟುಕೊಂಡು ಪೇಟೆಯ ಹಿರಿಯರು ರುಮಾಲು ಸುತ್ತಿ ಹೊರಡುತ್ತಾರೆ. ಇದಕ್ಕೆ ಅವಸರ ಸಲ್ಲದು. ಹತ್ತು ಹೆಜ್ಜೆ ನಡೆದು ನಿಲ್ಲಬೇಕು, ನಿಂತು ಒಂದು ಮಜಲು ಬಾರಿಸಬೇಕು, ಮತ್ತೆ ಹತ್ತು ಹೆಜ್ಜೆ. ಮುಖ್ಯ ಬೀದಿ ದಾಟುವಷ್ಟರಲ್ಲಿ ನಡುರಾತ್ರಿ ಮೀರಿರುತ್ತದೆ. ಬೇರೆ ಪೇಟೆಯವರು ತಮ್ಮ ಗಡಿಯಲ್ಲಿ ಕಾದು ನಿಂತು ಬರಮಾಡಿಕೊಳ್ಳುತ್ತಾರೆ. ಆಗ ಎರಡೂ ಕಡೆಯ ಹಲಗಿಗಳು ಎದುರುಬದುರು ನಿಂತು ಬಾರಿಸುವುದಿದೆಯಲ್ಲ, ಮೂರು ದಿನದ ಬಣ್ಣವನ್ನು ಬಿಟ್ಟುಕೊಡು ಎಂದರೆ ಬಿಟ್ಟೇನು, ಆ ಒಂದು ಗಳಿಗೆಯನ್ನು ಬಿಡಲಾರೆ. ಕಿವಿಯಿಂದ ಕೇಳುವ ಸಪ್ಪಳವಲ್ಲ ಅದು, ಎದೆಯ ಎಲುಬಿಗೆ ತಾಗುತ್ತದೆ.

ಸೋಗಿನ ಬಂಡಿಗಳದ್ದು ಬೇರೆಯದೇ ಸೊಗಸು. ಸಿಂಗರಿಸಿದ ಬಂಡಿಯ ಮೇಲೆ ಶಿವ ಪಾರ್ವತಿಯರು, ರಾಮ ಸೀತೆಯರು, ಬಸವಣ್ಣ, ಕಿತ್ತೂರು ಚೆನ್ನಮ್ಮ, ಸಂಗೊಳ್ಳಿ ರಾಯಣ್ಣರಂತೆ ವೇಷ ಹಾಕಿಕೊಂಡವರು ಕೂತು ಊರು ಸುತ್ತುತ್ತಾರೆ. ನಿನ್ನೆ ಅಂಗಡಿಯಲ್ಲಿ ಸಕ್ಕರೆ ತೂಗಿ ಕೊಟ್ಟ ಹುಡುಗ ಇವತ್ತು ಮೈಗೆಲ್ಲ ನೀಲಿ ಬಳಿದುಕೊಂಡು ಶಿವನಾಗಿ ಕಣ್ಣು ಮಿಟುಕಿಸದೆ ಕೂತಿರುತ್ತಾನೆ, ಅವನ ಅವ್ವ ಬಾಗಿಲಲ್ಲಿ ನಿಂತು ಕೈ ಮುಗಿಯುತ್ತಾಳೆ. ಇದು ಬಾಗಲಕೋಟೆಗೆ ಸುಮ್ಮನೆ ಬಂದ ಕಲೆಯಲ್ಲ. ನಮ್ಮದು ನಾಟಕ ಕಂಪನಿಗಳ ಸೀಮೆ. ಕಮತಗಿಯ ಹುಚ್ಚೇಶ್ವರ ನಾಟ್ಯ ಸಂಘದಂಥ ಕಂಪನಿಗಳು ಹುಟ್ಟಿದ್ದು ಇಲ್ಲಿ. ಬಾದಾಮಿಯ ಬನಶಂಕರಿ ಜಾತ್ರೆಗೆ ಪುಷ್ಯದ ಹುಣ್ಣಿಮೆಯಿಂದ ವಾರಗಟ್ಟಲೆ ಕಂಪನಿಗಳು ಸಾಲಾಗಿ ತಂಬು ಹೊಡೆದು ರಾತ್ರಿಯಿಡೀ ನಾಟಕ ಆಡುತ್ತವೆ. ಆ ಜಾತ್ರೆಯಲ್ಲಿ ನೋಡಿದ ಕಿರೀಟ, ಗಡ್ಡ, ಜರಿ ಶಾಲುಗಳು ಎರಡು ತಿಂಗಳ ನಂತರ ಬಾಗಲಕೋಟೆಯ ಬಂಡಿಗಳ ಮೇಲೆ ಮತ್ತೆ ಜೀವ ತಳೆಯುತ್ತವೆ.

ಬಣ್ಣದ ಬಂಡಿ ಹೊರಡುವುದು ಆಮೇಲೆ. ಮೊದಲು ಎತ್ತಿನ ಬಂಡಿಗಳೇ. ಬಂಡಿಯ ಮೇಲೆ ಬಣ್ಣದ ನೀರು ತುಂಬಿದ ಬ್ಯಾರಲ್ಲು, ಅದರ ಸುತ್ತ ಕೊಡ, ಚರಿಗೆ ಹಿಡಿದ ಹತ್ತಾರು ಮಂದಿ. ಈಗ ಹೆಚ್ಚಿನವು ಟ್ರ್ಯಾಕ್ಟರಿನ ಟ್ರೇಲರ್. ಪಾಳಿ ಇರುವ ಪೇಟೆಯ ಬಂಡಿಗಳು ಸಾಲಾಗಿ ಬೇರೆ ಪೇಟೆಗಳ ಬೀದಿಗೆ ನುಗ್ಗುತ್ತವೆ. ಬೀದಿಯವರು ಮಾಳಿಗೆಯ ಮೇಲೆ ತಮ್ಮ ಬ್ಯಾರಲ್ಲು ಸಿದ್ಧ ಮಾಡಿಟ್ಟುಕೊಂಡು ಕಾಯುತ್ತಿರುತ್ತಾರೆ. ಕೆಳಗಿನಿಂದ ಮೇಲಕ್ಕೆ, ಮೇಲಿನಿಂದ ಕೆಳಕ್ಕೆ ಬಣ್ಣ. ಎರಡು ಪೇಟೆಯ ಬಂಡಿಗಳು ವಲ್ಲಭಭಾಯಿ ಚೌಕದಲ್ಲೋ ಬಸವೇಶ್ವರ ಸರ್ಕಲ್ಲಿನಲ್ಲೋ ಎದುರಾದರೆ ಹಿಂದೆ ಸರಿಯುವ ಮಾತೇ ಇಲ್ಲ. ಬ್ಯಾರಲ್ಲು ಬರಿದಾಗುವವರೆಗೆ ಎರಚಾಟ. ಬರಿದಾಯಿತೋ, ಎರಡೂ ಬಂಡಿಯವರು ಕೆಳಗಿಳಿದು ತಬ್ಬಿಕೊಳ್ಳುತ್ತಾರೆ. ಅಂಗಡಿಗಳ ಬಾಗಿಲು ಆ ದಿನಗಳಲ್ಲಿ ತೆರೆಯುವುದೇ ಇಲ್ಲ. ನಮ್ಮ ಅಂಗಡಿಯ ಬಾಗಿಲಿಗೆ ಮಾವನವರು ಹಳೆಯ ಗೋಣಿ ತಾಟು ಇಳಿಬಿಟ್ಟು ಅಂಚಿಗೆಲ್ಲ ಅರಿವೆ ತುರುಕುತ್ತಿದ್ದರು. ಆದರೂ ಒಂದೆರಡು ಥಾನಿಗೆ ಬಣ್ಣ ಹತ್ತುತ್ತಿತ್ತು. ಅದಕ್ಕಾಗಿ ಅವರು ಯಾರ ಮೇಲೂ ಸಿಟ್ಟಾದದ್ದನ್ನು ನಾನು ನೋಡಲಿಲ್ಲ.

ಹೆಂಗಸರ ಹೋಳಿ ಮೊದಲು ಮಾಳಿಗೆಯ ಮೇಲೆಯೇ ಮುಗಿಯುತ್ತಿತ್ತು. ನಸುಕಿನಲ್ಲಿ ಎದ್ದು ಮನೆಯ ಗಂಡಸರು ಮಕ್ಕಳಿಗೆಲ್ಲ ಮೈಗೆ ಕೊಬ್ಬರಿ ಎಣ್ಣೆ ಸವರಿ ಕಳಿಸಬೇಕು. ಎಣ್ಣೆ ಇದ್ದರೆ ಬಣ್ಣ ಬೇಗ ಬಿಡುತ್ತದೆ. ಆಮೇಲೆ ರೊಟ್ಟಿ. ಹಲಗಿ ಬಾರಿಸುವವರು, ಬಂಡಿಯವರು, ದೂರದ ನೆಂಟರು, ನೆಂಟರ ಗೆಳೆಯರು, ಯಾರು ಬಂದರೂ ಊಟವಿಲ್ಲದೆ ಕಳಿಸಬಾರದು ಎಂದು ಅತ್ತಿಯ ಕಟ್ಟಪ್ಪಣೆ. ಒಲೆಯ ಮುಂದೆ ಮೂರು ಮಂದಿ ಸೊಸೆಯಂದಿರು ಪಾಳಿಯ ಮೇಲೆ ಬಡಿದ ರೊಟ್ಟಿ, ಬದನೆಕಾಯಿ ಎಣ್ಣಿಗಾಯಿ, ಕಡಲೆ ಬೇಳೆಯ ಹೂರಣ, ಕಟ್ಟಿನ ಸಾರು, ಗಡಿಗೆ ತುಂಬ ಮಜ್ಜಿಗೆ. ಕೆಲಸದ ನಡುವೆ ಓಡಿ ಮಾಳಿಗೆ ಹತ್ತಿ ಕೆಳಗೆ ಹೋಗುವ ಬಂಡಿಯ ಮೇಲೆ ಒಂದು ಕೊಡ ಸುರಿದು ಬರುವುದೇ ನಮ್ಮ ಆಟ. ಬೀದಿಗೆ ಇಳಿಯದಿರಲು ಇನ್ನೊಂದು ಕಾರಣವೂ ಇತ್ತು. ಹೋಳಿಯ ಹೆಸರಿನಲ್ಲಿ ಕೂಗುವ ಪೋಲಿ ಪದಗಳು. ಹಬ್ಬದಲ್ಲಿ ಅದಕ್ಕೆ ಪರವಾನಗಿ ಇದೆ ಎಂದು ವಿದ್ವಾಂಸರು ಸಮರ್ಥಿಸುತ್ತಾರೆ. ಬಾಗಿಲ ಹಿಂದೆ ನಿಂತು ಕೇಳಿಸಿಕೊಂಡವರಿಗೆ ಆ ಸಮರ್ಥನೆ ಒಪ್ಪಿಗೆಯಾಗುವುದಿಲ್ಲ. ಇತ್ತೀಚೆಗೆ ಆ ಕೂಗು ಬಹಳ ಕಡಿಮೆಯಾಗಿದೆ, ಹುಡುಗಿಯರು ಬೀದಿಗಿಳಿದು ಬಣ್ಣವಾಡುತ್ತಾರೆ, ಹಲಗಿಯನ್ನೂ ಹಿಡಿಯುತ್ತಾರೆ. ಹಳೆಯದರಲ್ಲಿ ಹೋಗಬೇಕಾದದ್ದು ಹೋಯಿತು, ಬರಬೇಕಾದದ್ದು ಬಂತು. ನನಗೆ ಇದರಷ್ಟು ಸಂತೋಷ ಕೊಟ್ಟ ಬದಲಾವಣೆ ಇನ್ನೊಂದಿಲ್ಲ.

ನೀರಿನ ಸುದ್ದಿ ಹೇಳದೆ ಬಾಗಲಕೋಟೆಯ ಯಾವ ಮಾತೂ ಪೂರ್ತಿಯಾಗದು. ಆಲಮಟ್ಟಿಯಲ್ಲಿ ಕೃಷ್ಣೆಗೆ ಅಣೆಕಟ್ಟು ಕಟ್ಟಲು 1964ರ ಮೇ 22ರಂದು ಲಾಲ್ ಬಹಾದ್ದೂರ್ ಶಾಸ್ತ್ರಿಯವರು ಅಡಿಗಲ್ಲು ಇಟ್ಟರು. 519.60 ಮೀಟರ್ ಎತ್ತರಕ್ಕೆ ನೀರು ನಿಂತಾಗ ಅದರ ಹಿನ್ನೀರು ಘಟಪ್ರಭೆಯ ಗುಂಟ ಏರಿ ಬಾಗಲಕೋಟೆಯ ಓಣಿಗಳವರೆಗೆ ಬರುತ್ತದೆ. ಮುಳುಗುವ ಭಾಗದ ಮನೆಗಳನ್ನು ಸರ್ಕಾರ ವಶಪಡಿಸಿಕೊಂಡಿತು. ಅವರಿಗಾಗಿ ಕೆಲವು ಕಿಲೋಮೀಟರ್ ಆಚೆ ನವನಗರ ಎದ್ದಿತು. ಹೆಸರಾಂತ ವಾಸ್ತುಶಿಲ್ಪಿ ಚಾರ್ಲ್ಸ್ ಕೊರಿಯಾ ಅದರ ನಕ್ಷೆ ಹಾಕಿದವರು. ಅಗಲ ರಸ್ತೆ, ಗಿಡಮರ, ಸೆಕ್ಟರುಗಳು, ಎಲ್ಲ ಅಚ್ಚುಕಟ್ಟು. 1997ರಲ್ಲಿ ಜಿಲ್ಲೆಯಾದ ಮೇಲೆ ಕಚೇರಿಗಳೂ ಅಲ್ಲಿಗೇ ಬಂದವು. ಒಂದೇ ಗೋಡೆ ಹಂಚಿಕೊಂಡಿದ್ದ ಮನೆಗಳು ಮಾತ್ರ ಚೀಟಿ ಎತ್ತಿದಂತೆ ಚದುರಿಹೋದವು. ಕಿಲ್ಲಾದವರ ಪಕ್ಕ ಜೈನಪೇಟದವರು, ಅವರ ಹಿಂದೆ ಎಂದೂ ಮುಖ ನೋಡದವರು. ಓಣಿಯ ಹೆಸರಿನ ಜಾಗದಲ್ಲಿ ಸೆಕ್ಟರಿನ ನಂಬರು ಬಂತು.

ನಮ್ಮ ಮನೆಯೂ ಹೋಯಿತು. ನನ್ನ ತವರಿನ ಕಡೆ ಅದೇ ಕೃಷ್ಣೆಯ ನೀರು ಸುಖ ತಂದಿತು. ನಾರಾಯಣಪುರ ಜಲಾಶಯದ ಹಿನ್ನೀರನ್ನು ಎತ್ತಿ ಹುನಗುಂದ ಸೀಮೆಯ ಸುಮಾರು 24 ಸಾವಿರ ಹೆಕ್ಟೇರಿಗೆ ಹನಿ ನೀರಾವರಿ ಕೊಡುವ ಯೋಜನೆಗೆ ರಾಮಥಾಳದ ಹೆಸರೇ ಇದೆ. ಮಳೆ ಬಂದರೆ ಬೆಳೆ ಎನ್ನುತ್ತಿದ್ದ ಕಡೆ ಪೈಪು ಹಾಯ್ದಿದೆ. ತವರಿಗೆ ನೀರು ಕೊಟ್ಟ ನದಿಯೇ ಗಂಡನ ಮನೆಯ ಅಂಗಳ ತೆಗೆದುಕೊಂಡಿತು. ನಾನು ಎರಡೂ ಕಡೆಯವಳು, ಒಂದನ್ನು ಹೊಗಳಿ ಇನ್ನೊಂದನ್ನು ಬಯ್ಯಲಾರೆ.

ಆಗ ಹಲವರು ಹೋಳಿ ಮುಗಿಯಿತು ಎಂದುಕೊಂಡರು. ಪೇಟೆಯೇ ಚದುರಿದ ಮೇಲೆ ಪೇಟೆಯ ಪಾಳಿ ಎಲ್ಲಿಯದು? ನಡೆದದ್ದು ಬೇರೆ. ಹುಣ್ಣಿಮೆ ಹತ್ತಿರ ಬಂದಂತೆ ನವನಗರದಿಂದ, ವಿದ್ಯಾಗಿರಿ ಬಡಾವಣೆಯಿಂದ ಜನ ಹಳೆ ಊರಿಗೆ ತಿರುಗಿದರು. ಯಾವ ಸೆಕ್ಟರಿನಲ್ಲಿ ಇರಲಿ, ಹೋಳಿಗೆ ಮಾತ್ರ ತಮ್ಮ ತಮ್ಮ ಹುಟ್ಟಿದ ಪೇಟೆಯ ಬಂಡಿಯನ್ನೇ ಹತ್ತಿದರು. ನಮ್ಮನೆಯವರು ನವನಗರದಲ್ಲಿ ಸ್ಕೂಟರ್ ಏರುವಾಗಲೇ ಹಳೆ ಅಂಗಿ ತೊಟ್ಟಿರುತ್ತಿದ್ದರು. "ನಿಮ್ಮದು ಯಾವ ಓಣಿ?" ಎಂದು ಯಾರಾದರೂ ಕೇಳಿದರೆ ಇವತ್ತಿಗೂ ನಮ್ಮ ಮನೆಯ ಮಕ್ಕಳು ವೆಂಕಟಪೇಟ ಎನ್ನುತ್ತಾರೆ. ಆ ಮಕ್ಕಳು ಅಲ್ಲಿ ಒಂದು ರಾತ್ರಿಯೂ ಮಲಗಿದವರಲ್ಲ. ಸರ್ಕಾರ ಮನೆಗೆ ಪರಿಹಾರ ಕೊಡಬಲ್ಲದು, ಪೇಟೆಗೆ ಕೊಡಲಾರದು. ಪೇಟೆಯನ್ನು ಉಳಿಸಿದ್ದು ಹಬ್ಬ. ಅಣೆಕಟ್ಟಿನ ನೀರನ್ನು 524.256 ಮೀಟರಿಗೆ ಏರಿಸಲು ಕೃಷ್ಣಾ ಜಲವಿವಾದ ನ್ಯಾಯಮಂಡಳಿ ಒಪ್ಪಿದೆ. ಏರಿಸಿದ ದಿನ ಹಳೆ ಊರಿನ ಇನ್ನಷ್ಟು ಭಾಗ ಖಾಲಿಯಾಗಬೇಕು. ಆಗಲೂ ಪಾಳಿ ತಪ್ಪಬಾರದು ಎಂದೇ ಈಗಿನಿಂದ ಈ ಕಟ್ಟಳೆಗಳನ್ನು ಕೂತು ಬರೆದಿಡಬೇಕೆಂದು ನಾನು ಹಿರಿಯರನ್ನು ಕಾಡುತ್ತಿರುತ್ತೇನೆ. ಎಷ್ಟೋ ಮಜಲುಗಳು, ಎಷ್ಟೋ ಹಕ್ಕುಗಳು ಎಂಬತ್ತು ದಾಟಿದವರ ನೆನಪಿನಲ್ಲಿ ಮಾತ್ರ ಇವೆ.

ಇದೇ ಹುಣ್ಣಿಮೆಗೆ ನಮ್ಮ ರಾಜ್ಯದ ಇನ್ನೊಂದು ತುದಿಯ ಕಡಲ ದಂಡೆಯಲ್ಲೂ ಹಬ್ಬ. ಅಂಕೋಲಾ, ಕಾರವಾರದ ಕಡೆ ಹಾಲಕ್ಕಿ ಒಕ್ಕಲಿಗರ ಸುಗ್ಗಿ ಕುಣಿತ. ಅವರೂ ತಲೆಗೆ ಬಣ್ಣದ ಕಾಗದದ ಹೂವುಗಳ ತುರಾಯಿ ಕಟ್ಟುತ್ತಾರೆ, ಮನೆಮನೆಯ ಅಂಗಳದಲ್ಲಿ ಸುತ್ತು ಕಟ್ಟಿ ಕುಣಿಯುತ್ತಾರೆ. ಅಲ್ಲಿಂದ ಇನ್ನೂ ಮೇಲೆ ಗೋವೆಯಲ್ಲಿ ಶಿಗ್ಮೊ. ಅದಕ್ಕೂ ಕೆಲವು ದಿನ ಮುಂಚೆ ಕ್ರೈಸ್ತರ ಉಪವಾಸದ ಕಾಲ ಶುರುವಾಗುವ ಮೊದಲು ಪಣಜಿಯ ಕಾರ್ನಿವಲ್. ಮೋಮೊ ಎಂಬ ರಾಜ ಬಂಡಿಯೇರಿ ಬಂದು ಉಣ್ಣಿ, ಕುಣಿಯಿರಿ ಎಂದು ಅಪ್ಪಣೆ ಕೊಡುತ್ತಾನೆ. ಚಳಿ ಮುಗಿದು ಬಿಸಿಲು ಏರುವ ಈ ಸಂಧಿಯಲ್ಲಿ, ರಾಶಿ ಮುಗಿದ ಹೊತ್ತಿನಲ್ಲಿ, ವೇಷ ಹಾಕಿ ಬಂಡಿಯೇರಿ ಬೀದಿಗೆ ಬರಬೇಕೆಂದು ಕಡಲಿನವರಿಗೂ ಎರೆಹೊಲದವರಿಗೂ ಅನ್ನಿಸಿದೆ. ಗೋವೆಯ ಹಬ್ಬ ನೋಡಲು ದೇಶದ ಜನ ಹೋಗುತ್ತಾರೆ. ನಮ್ಮದನ್ನು ಹುಬ್ಬಳ್ಳಿಯವರೂ ಪೂರ್ತಿ ನೋಡಿಲ್ಲ.

ಈಗಿನ ಕಷ್ಟಗಳನ್ನೂ ಹೇಳಬೇಕು. ಮೊದಲನೆಯದು ಡಿಜೆ. ಐವತ್ತು ಹಲಗಿಯ ಸಾಲು ಒಂದು ಲಾರಿಯ ಧ್ವನಿಪೆಟ್ಟಿಗೆಯ ಮುಂದೆ ಮೂಕವಾಗುತ್ತದೆ. ಹಲಗಿಯ ಸಪ್ಪಳಕ್ಕೆ ಬಾರಿಸುವ ಕೈ ಬೇಕು, ಕಲಿಸುವ ಹಿರಿಯ ಬೇಕು, ಹದಿನೈದು ರಾತ್ರಿಯ ಅಭ್ಯಾಸ ಬೇಕು. ಡಿಜೆಗೆ ಬಾಡಿಗೆ ಕೊಟ್ಟರೆ ಸಾಕು. ಹೋಳಿಯ ಮೂರು ದಿನ ಹಳೆ ಊರಿನೊಳಗೆ ಡಿಜೆ ಬರಕೂಡದು ಎಂದು ಐದೂ ಪೇಟೆಯವರು ಸೇರಿ ಕಟ್ಟಳೆ ಮಾಡಬೇಕು. ಪೊಲೀಸರು ಮಾಡುವ ಮುಂಚೆ ಪೇಟೆಯವರೇ ಮಾಡಿದರೆ ಅದು ನಿಲ್ಲುತ್ತದೆ. ಎರಡನೆಯದು ಬಣ್ಣ. ನನ್ನ ಚಿಕ್ಕಂದಿನಲ್ಲಿ ಮುತ್ತಲ ಹೂವು ಕುದಿಸಿ ಕೇಸರಿ ಬಣ್ಣ ಮಾಡುತ್ತಿದ್ದರು, ಅರಿಶಿನಕ್ಕೆ ಸುಣ್ಣ ಬೆರೆಸಿದರೆ ಕೆಂಪು ಓಕುಳಿ. ಬ್ಯಾರಲ್ಲುಗಟ್ಟಲೆ ಬೇಕಾದಾಗ ಅದೆಲ್ಲ ಎಲ್ಲಿ ಸಾಕು ಎನ್ನುವವರು ಹೇಳುವುದೂ ನಿಜವೇ. ಕಣ್ಣು ಉರಿಯುವ, ಮೈ ಬೊಬ್ಬೆ ಏಳುವ ಪುಡಿಗಳನ್ನಾದರೂ ಬಿಡಬಹುದು. ಬ್ಯಾರಲ್ಲಿಗೆ ಕುಡಿಯುವ ನೀರಿನ ನಳದಿಂದ ತುಂಬುವುದನ್ನೂ ಬಿಡಬೇಕು. ಊರನ್ನೇ ನುಂಗಿದ ಹಿನ್ನೀರು ಪಕ್ಕದಲ್ಲಿರುವಾಗ ನಳಕ್ಕೆ ಯಾಕೆ ಕೈ ಹಾಕಬೇಕು? ಇನ್ನು ಮಾರ್ಚಿನಲ್ಲಿ ಬರುವ ಪರೀಕ್ಷೆಗಳು. ಓದುವ ಮಕ್ಕಳಿರುವ ಮನೆಯ ಮುಂದೆ ಹಲಗಿ ಬೇಗ ನಿಲ್ಲಿಸುವ ಓಣಿಗಳಿವೆ. ಎಲ್ಲ ಓಣಿಗಳೂ ಹಾಗೆ ಮಾಡಲಿ.

ಇದೆಲ್ಲಕ್ಕಿಂತ ನನ್ನನ್ನು ಹೆಚ್ಚು ಕಾಡುವುದು ಹಲಗಿ ಬಿಗಿಯುವವರ ಪಾಡು. ಹಬ್ಬದ ಮುಂಚಿನ ಎರಡು ವಾರದ ವ್ಯಾಪಾರ ಬಿಟ್ಟರೆ ವರ್ಷವಿಡೀ ಅವರ ಕೆಲಸ ಕೇಳುವವರಿಲ್ಲ. ಈಗ ಪ್ಲಾಸ್ಟಿಕ್ ಹಾಳೆ ಬಿಗಿದ ಅಗ್ಗದ ಹಲಗಿಗಳು ಬಂದಿವೆ. ಅವಕ್ಕೆ ಉರಿಯ ಗೊಡವೆ ಇಲ್ಲ, ಆ ಗುಡುಗೂ ಇಲ್ಲ. ಮಕ್ಕಳ ಆಟಕ್ಕೆ ಇರಲಿ, ತುರಾಯಿ ಕಟ್ಟುವ ಹಲಗಿ ಚರ್ಮದ್ದೇ ಆಗಬೇಕು. ನವನಗರದ ತಾಯಿತಂದೆಯರಲ್ಲಿ ನನ್ನದೊಂದು ಬಿನ್ನಹ: ಮಗನಿಗೆ, ಮಗಳಿಗೆ ಒಂದು ಒಳ್ಳೆಯ ಹಲಗಿ ಕೊಡಿಸಿ, ಕೇಳಿದಷ್ಟು ಬೆಲೆ ಕೊಟ್ಟು ಕೊಡಿಸಿ. ಸಂಜೆ ಒಂದು ತಾಸು ಹಳೆ ಊರಿಗೆ ಕಳಿಸಿ. ಅಲ್ಲಿ ಬೈದು ಕಲಿಸುವವರು ಇನ್ನೂ ಇದ್ದಾರೆ.

ದೂರದ ಊರಿನಿಂದ ನೋಡಲು ಬರುವವರಿಗೂ ಒಂದು ಮಾತು. ಬಣ್ಣದ ದಿನ ಬೆಳಿಗ್ಗೆ ಬಂದಿಳಿದರೆ ಅರ್ಧ ಹಬ್ಬ ತಪ್ಪಿಹೋಗಿರುತ್ತದೆ. ಹುಣ್ಣಿಮೆಗೆ ಎರಡು ದಿನ ಇರುವಾಗಲೇ ಬನ್ನಿ. ಹಳೆಯ ಅಂಗಿ ಹಾಕಿಕೊಳ್ಳಿ, ಮೈಗೆ ಎಣ್ಣೆ ಸವರಿಕೊಳ್ಳಿ, ಫೋನು ಕೋಣೆಯಲ್ಲೇ ಬಿಟ್ಟು ಬನ್ನಿ. ಐದು ಪೇಟೆಗಳಲ್ಲಿ ಯಾವುದಾದರೊಂದರ ಬಂಡಿ ಹತ್ತಿ, ಯಾರೂ ಇಳಿಸುವುದಿಲ್ಲ. ಮಧ್ಯಾಹ್ನ ಯಾರ ಮನೆಯ ಬಾಗಿಲು ತೆರೆದಿದ್ದರೂ ಒಳಗೆ ಹೋಗಿ ಕೂತುಕೊಳ್ಳಿ. ರೊಟ್ಟಿ ಬರುತ್ತದೆ.